ಬೇರು ಉಷ್ಣವೋ ತಂಪೋ

ನಾನು ಗೋಕಾಕದ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ಕಪ್ಪೆಯನ್ನೂ ಅಣಬೆಯನ್ನೂ ಕೂಡಿಸಿ ಕುದಿಸಿದರೆ ಏನಾಗುತ್ತದೆ ಎಂದು ಇಷ್ಟು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಈಗ ಪ್ರತಿ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾನು, ನನ್ನ ಹೆಂಡತಿ ಶಾಂತಾ ಮತ್ತು ಅವಳ ಅಣ್ಣ ಈರಪ್ಪ ಚಾಪೆಯ ಮೇಲೆ ಕೂತು ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತೇವೆ. ಯಾರೂ ಹೇಳದೆ ಮಾಡುವ ಕೆಲಸವಾದ್ದರಿಂದ ಶ್ರದ್ಧೆ ಸ್ವಲ್ಪ ಹೆಚ್ಚೇ.

ಇದೊಂದು ಪೆಟ್ಟಿಗೆಯಲ್ಲಿ ಬಂದ ಆಟ. ಹುಕ್ಕೇರಿಯಲ್ಲಿರುವ ನನ್ನ ತಂಗಿಯ ಮಗಳು ತಂದುಕೊಟ್ಟಳು. "ಮಾಮಾ, ಇದು ನಿಮ್ಮ ಸಬ್ಜೆಕ್ಟಿಂದ ಐತಿ. ನಿಮ್ಮನ್ನ ಯಾರೂ ಸೋಲಸಾಕ ಆಗೂದಿಲ್ಲ" ಎಂದಳು. ಅವಳು ಒಳ್ಳೆಯ ಹುಡುಗಿ. ನನ್ನ ಬಗ್ಗೆ ಅವಳಿಗೆ ಹೆಚ್ಚು ಗೊತ್ತಿಲ್ಲ.

ಆಟದ ಕಥೆ ಇಷ್ಟೇ. ರಸವಾದಿಯೊಬ್ಬ ಮುದುಕನಾಗಿದ್ದಾನೆ. ಅವನ ಶಿಷ್ಯರಲ್ಲಿ ಹೆಚ್ಚು ಕೀರ್ತಿ ಗಳಿಸಿದವನಿಗೆ ಅವನ ಪ್ರಯೋಗಶಾಲೆ ಸಿಗುತ್ತದೆ. ಆ ಶಿಷ್ಯರು ನಾವು. ಕಪ್ಪೆ, ಅಣಬೆ, ಬೇರು, ಗರಿ, ಹೀಗೆ ಎಂಟು ವಸ್ತುಗಳ ಚೀಟಿಗಳಿವೆ. ಪ್ರತಿಯೊಂದಕ್ಕೂ ಕೆಂಪು ಇಲ್ಲವೆ ನೀಲಿ ಗುಣ. ಈರಪ್ಪ ಮೊದಲ ದಿನವೇ ಕೆಂಪನ್ನು ಉಷ್ಣವೆಂದೂ ನೀಲಿಯನ್ನು ತಂಪೆಂದೂ ಕರೆದುಬಿಟ್ಟ, ಆಮೇಲೆ ಅದೇ ಕಾಯಂ ಆಯಿತು. ಯಾವುದಕ್ಕೆ ಯಾವ ಗುಣ ಎಂಬುದು ರಟ್ಟಿನ ಚಕ್ರದೊಳಗೆ ಅಡಗಿರುತ್ತದೆ. ಎರಡು ವಸ್ತು ಕೂಡಿಸಿ ಚಕ್ರ ತಿರುಗಿಸಿದರೆ ಔಷಧವಾಯಿತೋ ವಿಷವಾಯಿತೋ ಅಷ್ಟನ್ನು ಮಾತ್ರ ಅದು ಹೇಳುತ್ತದೆ. ಉಳಿದದ್ದನ್ನು ನಾವೇ ತರ್ಕಿಸಿ, ಎದುರಿಗಿಟ್ಟುಕೊಂಡ ರಟ್ಟಿನ ಮರೆಯಲ್ಲಿ, ಹಾಳೆಯ ಮೇಲಿನ ಉಷ್ಣದ ಇಲ್ಲವೆ ತಂಪಿನ ಮನೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಬೇಕು. ಗೊತ್ತಾಯಿತು ಎನ್ನಿಸಿದಾಗ "ಬೇರು ಉಷ್ಣ" ಎಂದು ಎಲ್ಲರೆದುರು ಸಾರಿ ಹಲಗೆಯ ಮೇಲೆ ನಮ್ಮ ಮುದ್ರೆ ಇಡಬೇಕು. ಮೊದಲು ಇಟ್ಟವನಿಗೆ ಹೆಚ್ಚು ಕೀರ್ತಿ. ಒಪ್ಪಿದವರು ಬಾಜೂಕ್ಕೆ ತಮ್ಮ ಮುದ್ರೆಯನ್ನೂ ಇಡಬಹುದು, ಅವರಿಗೆ ಅರ್ಧ ಕೀರ್ತಿ. ಕೊನೆಗೆ ಚಕ್ರ ಬಿಚ್ಚಿ ನೋಡಿದಾಗ ತಪ್ಪಾಗಿದ್ದರೆ ಅದರ ಮೇಲೆ ಮುದ್ರೆ ಇಟ್ಟ ಎಲ್ಲರ ಕೀರ್ತಿಯೂ ಹೋಯಿತು.

ಹಳೆಯ ಕಾಲದ ರಸವಾದಿಗಳು ತಮ್ಮ ವಿದ್ಯೆ ಬೇರೆಯವರಿಗೆ ತಿಳಿಯಬಾರದೆಂದು ಗುಪ್ತ ಚಿಹ್ನೆಗಳಲ್ಲಿ ಬರೆದಿಡುತ್ತಿದ್ದರಂತೆ. ನಾವು ಈಗಿನವರು ಎಲ್ಲರಿಗೂ ತಿಳಿಯಲೆಂದು ಸೂತ್ರಗಳಲ್ಲಿ ಬರೆಯುತ್ತೇವೆ. ಹಿಂದಿನ ಬೆಂಚಿನಲ್ಲಿ ಕೂತವರಿಗೆ ಎರಡರ ಪರಿಣಾಮವೂ ಒಂದೇ.

ಗುಟ್ಟು ಎಂಬುದು ಈರಪ್ಪನಿಗೆ ಹಿಡಿಸುವುದಿಲ್ಲ. ಅವನದು ತುಕ್ಕಾನಟ್ಟಿಯಲ್ಲಿ ಬೆಲ್ಲದ ಗಾಣ. ಅಲ್ಲಿ ಕಬ್ಬಿನ ಹಾಲು ಕುದಿದು ಪಾಕಕ್ಕೆ ಬಂತೆಂದರೆ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಉಂಡೆಯಾದದ್ದನ್ನು ಬೆರಳಲ್ಲಿ ಹಿಡಿದು ಸುತ್ತ ನಿಂತವರಿಗೆಲ್ಲ ತೋರಿಸುವುದು ರೂಢಿ. ಬಸ್ಸಿಗೆ ಕಾಯುತ್ತ ನಿಂತವನೂ ಬಂದು ಅಭಿಪ್ರಾಯ ಹೇಳಬಹುದು. ಹೀಗಾಗಿ ಈರಪ್ಪ ಚಕ್ರ ತಿರುಗಿಸಿದೊಡನೆ ಅದನ್ನು ನಮ್ಮತ್ತ ಹಿಡಿದು, "ನೋಡ್ರಿ, ಇಸಾ ಆತು" ಎನ್ನುತ್ತಾನೆ.

"ಈರಪ್ಪಣ್ಣ, ಇದು ಸ್ಪರ್ಧೆ ಐತಿ. ತೋರಸಬಾರದು" ಎಂದು ನಾನು ಎಷ್ಟು ಸಲ ಹೇಳಿದ್ದೇನೋ.

"ಮಾಸ್ತರ್ರ, ನಾಕ ಮಂದಿ ನೋಡಿದ್ರ ಪಾಕ ಕೆಡತೈತೇನ್ರಿ? ಹದಾ ಬಂದೈತೋ ಇಲ್ಲೋ ಗೊತ್ತಾಕ್ಕೈತಿ."

ಅವನು ತೋರಿಸಿದ್ದನ್ನೆಲ್ಲ ನಾನು ಸದ್ದಿಲ್ಲದೆ ಗುರುತು ಹಾಕಿಕೊಳ್ಳುತ್ತಿದ್ದೆ. ನನ್ನದನ್ನು ಮಾತ್ರ ತೋರಿಸುತ್ತಿರಲಿಲ್ಲ. ವಿಜ್ಞಾನದ ಶಿಸ್ತು ಎಂದು ಇದಕ್ಕೆ ನಾನು ಹೆಸರಿಟ್ಟಿದ್ದೆ.

ಶಾಂತಾ ಹಾಗಲ್ಲ, ಹೀಗೂ ಅಲ್ಲ. ಮರೆಯ ಹಿಂದೆ ತಲೆ ತಗ್ಗಿಸಿ ಕೂತು, ಜೋಳ ಹಸನು ಮಾಡುವಾಗಿನ ಗಮನದಲ್ಲಿ ಒಂದೊಂದೇ ಗುರುತು ಹಾಕುತ್ತಾಳೆ. ಇಷ್ಟು ತಿಂಗಳಲ್ಲಿ ಒಮ್ಮೆಯೂ ಗೆದ್ದಿರಲಿಲ್ಲ. ಕಳೆದ ತಿಂಗಳ ಒಂದು ಭಾನುವಾರ ಮಾತ್ರ ಅವಳು ನಮ್ಮಿಬ್ಬರಿಗಿಂತ ಮುಂದಿದ್ದಳು. "ಇವತ್ತ ನಂದ ಬಿಡ್ರಿ" ಎಂದು ಎರಡು ಸಲ ಅಂದಳು. ಅವಳ ಕಣ್ಣಲ್ಲಿ ಅಂಥ ಆಸೆ ನೋಡಿ ಬಹಳ ದಿನವಾಗಿತ್ತು.

ಉಳಿದದ್ದು ಬೇರು ಒಂದೇ. ನನಗೆ ಬೇರಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ್ದರ ಮೇಲೂ ಮುದ್ರೆ ಇಡಬಹುದು, ಆಟದ ನಿಯಮದಲ್ಲಿ ಅಡ್ಡಿಯಿಲ್ಲ. ನನಗೆ ಅಭ್ಯಾಸವೂ ಇದೆ. ಹಿಂದೊಮ್ಮೆ ವಿದ್ಯಾರ್ಥಿನಿಯೊಬ್ಬಳು, ಲೋಹಗಳೆಲ್ಲ ಗಟ್ಟಿಯಾಗಿರುವಾಗ ಪಾದರಸವೊಂದು ಯಾಕೆ ದ್ರವ ಎಂದು ಕೇಳಿದಳು. ನನಗೆ ಆಗ ತಿಳಿದಿರಲಿಲ್ಲ. ಹದಿನೈದು ನಿಮಿಷ ಉತ್ತರಿಸಿದೆ. ಅವಳು ಎಲ್ಲವನ್ನೂ ಬರೆದುಕೊಂಡು, ಮುಖ್ಯವೆನಿಸಿದ ಸಾಲುಗಳಿಗೆ ಅಡಿಗೆರೆ ಎಳೆದಳು.

"ಬೇರು ಉಷ್ಣ" ಎಂದು ಕಾಲೇಜಿನ ದನಿಯಲ್ಲಿ ಸಾರಿ ಮುದ್ರೆ ಇಟ್ಟೆ.

ಶಾಂತಾ ನನ್ನ ಮುಖ ನೋಡಿದಳು. ತನ್ನ ಹಾಳೆ ನೋಡಿಕೊಂಡಳು. ಮರೆಯ ಹಿಂದೆ ಏನೋ ಮಾಡಿ, ನನ್ನ ಮುದ್ರೆಯ ಬಾಜೂಕ್ಕೆ ತನ್ನದನ್ನು ಇಟ್ಟಳು.

"ನಾ ಇಡೂದಿಲ್ಲ. ಬೇರಿಂದು ನಾ ನೋಡಿಲ್ಲ" ಎಂದ ಈರಪ್ಪ.

ಚಕ್ರ ಬಿಚ್ಚಿದೆವು. ಬೇರು ತಂಪು. ನನ್ನದೂ ಶಾಂತಾಳದೂ ಹೋಯಿತು, ಈರಪ್ಪ ಗೆದ್ದ. ಆ ಮುದುಕನ ಪ್ರಯೋಗಶಾಲೆ ತುಕ್ಕಾನಟ್ಟಿಯ ಪಾಲಾಯಿತು.

ಚೀಟಿಗಳನ್ನು ಒಟ್ಟು ಮಾಡುವಾಗ ಶಾಂತಾಳ ಹಾಳೆ ನನ್ನ ಕೈಗೆ ಬಂತು. ಬೇರಿನ ಎದುರು ತಂಪಿನ ಮನೆಯಲ್ಲಿ ಗುರುತಿತ್ತು. ರಬ್ಬರಿನಿಂದ ಉಜ್ಜಿ ಅಳಿಸಿದ್ದಳು, ಆದರೆ ಕಾಣುತ್ತಿತ್ತು. ಉಷ್ಣದ ಮನೆಯಲ್ಲಿ ಹೊಸ ಗುರುತು.

"ನಿನಗ ಗೊತ್ತಿತ್ತಲ್ಲ" ಎಂದೆ.

"ಗೊತ್ತಿತ್ರಿ. ಎರಡ ಸಲ ತಿರಿವಿ ನೋಡಿದ್ನಿ. ನೀವು ಉಷ್ಣ ಅಂದ್ರಿ, ನಂದ ತಪ್ಪಿರಬೇಕು ಅಂತ ಅಳಿಸಿದ್ನಿ."

ನನಗೆ ನಾಚಿಕೆಯಾಯಿತು. ಸೋತದ್ದಕ್ಕೆ ಆಗಿದ್ದರೆ ಅದು ಅಭ್ಯಾಸದ ನಾಚಿಕೆ, ಸಂಜೆಯ ಹೊತ್ತಿಗೆ ಇಳಿಯುತ್ತಿತ್ತು. ಇದು ಹಾಗಿರಲಿಲ್ಲ. ಈ ಮನೆಯಲ್ಲಿ ನಾನು ಆ ದನಿಯಲ್ಲಿ ಏನೇನು ಸಾರಿದ್ದೇನೆ, ಅವಳು ಏನೇನು ಅಳಿಸಿಕೊಂಡಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೆ ಬಿಟ್ಟೆ.

"ನನಗ ಗೊತ್ತಿರಲಿಲ್ಲ. ಸುಮ್ನ ಅಂದೆ" ಎಂದೆ.

ಈರಪ್ಪ ಚಾವಣಿ ನೋಡತೊಡಗಿದ. ಶಾಂತಾ ಕೇಳಿದಳು.

"ಹಂಗಾರ ನಮ್ಮವ್ವನ ಹಿತ್ತಾಳಿ ಪಾತೇಲಿ?"

ತವರಿನಿಂದ ಬಂದಿದ್ದ ಆ ಪಾತ್ರೆಯಲ್ಲಿ ಹುಣಸೆಹುಳಿ ಹಾಕಿದ ಸಾರು ಮಾಡಿದರೆ ವಿಷವಾಗುತ್ತದೆಂದು ನಾನೇ ಹೇಳಿ, ಹಳೇ ಸಾಮಾನಿನವನಿಗೆ ಹಾಕಿಸಿದ್ದೆ. ಬದಲಿಗೆ ಒಂದು ಸ್ಟೀಲಿನ ಡಬ್ಬಿ ಬಂದಿತ್ತು.

"ಅದು ಖರೆ. ಆದ್ರ ಕಲಾಯಿ ಹಾಕಿಸಿದ್ರ ನಡೀತಿತ್ತು" ಎಂದೆ.

"ಅವತ್ತ ನಿಮಗ ಗೊತ್ತಿತ್ತೇನ್ರಿ?"

"ಇಲ್ಲ."

ಅವಳು ಸಿಟ್ಟಾಗಲಿಲ್ಲ. ಆಗಿದ್ದರೆ ನನಗೆ ಹಗುರವಾಗುತ್ತಿತ್ತು. ನನ್ನ ಕೈಯಿಂದ ಹಾಳೆ ತೆಗೆದುಕೊಂಡಳು. ಆಟ ಮುಗಿದಿದ್ದರೂ ಪೆನ್ಸಿಲು ಹಿಡಿದು, ತಂಪಿನ ಮನೆಯಲ್ಲಿ ಅಳಿಸಿದ್ದ ಗುರುತಿನ ಮೇಲೆ ಇನ್ನೊಮ್ಮೆ ಒತ್ತಿ ಬರೆದಳು. ರಬ್ಬರನ್ನು ಪೆಟ್ಟಿಗೆಯೊಳಗೆ ಹಾಕಿದಳು.

"ಇನ್ನೊಂದ ಆಟ ಹಚ್ಚರಿ" ಎಂದಳು.

ಹಚ್ಚಿದೆವು. ಆ ಆಟದಲ್ಲಿ ಅವಳು ಐದು ಮುದ್ರೆ ಇಟ್ಟಳು, ಐದೂ ಸರಿ. ಈರಪ್ಪ ಎರಡು ಇಟ್ಟ. ನಾನು ಖಚಿತವಾಗಿ ಗೊತ್ತಿದ್ದುದರ ಮೇಲೆ ಮಾತ್ರ ಮುದ್ರೆ ಇಡುವುದೆಂದು ನಿಶ್ಚಯಿಸಿ ಕೂತಿದ್ದೆ. ಕೊನೆಯವರೆಗೂ ಒಂದನ್ನೂ ಇಡಲಿಲ್ಲ.