ನಾಲಗೆ ಮೇಸ್ತ್ರಿ

ಹಾಯಿದೋಣಿಯ ಕ್ಯಾಬಿನ್ನಿಗೆ ನೀರು ಎಲ್ಲಿಂದ ನುಗ್ಗುತ್ತಿದೆಯೆಂದು ಯಾರಿಗೂ ತಿಳಿಯದಿದ್ದಾಗ ನಾಲಗೆ ಮೇಸ್ತ್ರಿಗೆ ಹೇಳಿಕಳಿಸುತ್ತಿದ್ದರು. ಅವನು ಹಲಗೆ ಕೀಳುವ ಮೊದಲು ನೀರಿಗೆ ಬೆರಳದ್ದಿ ನೆಕ್ಕುತ್ತಿದ್ದ. ಸಪ್ಪೆಯಾದರೆ ಮಳೆನೀರು, ಕಿಟಕಿ ಸೋರುತ್ತಿದೆ. ಉಪ್ಪಾದರೆ ಕಡಲು, ತಳ ಬಿರುಕು ಬಿಟ್ಟಿದೆ. ಮೂವತ್ತು ವರ್ಷ ಅವನ ಮಾತಿಗೆ ಎದುರು ಮಾತಿರಲಿಲ್ಲ. ಬಣ್ಣದ ಪುಡಿ ಹಿಡಿದು ಸೋರಿಕೆ ಹುಡುಕುವ ಹೊಸಬರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಥವನ ಸ್ವಂತ ದೋಣಿಯೇ ಒಂದು ತಿಂಗಳಿಂದ ಸೋರುತ್ತಿತ್ತು. ನೀರು ಸಪ್ಪೆ. ನಾಲ್ಕೂ ಕಿಟಕಿ ಬಿಚ್ಚಿ, ಹೊಸ ಅಂಟು ಹಾಕಿ ಕೂರಿಸಿದ. ಮಳೆಯಿಲ್ಲದ ವಾರದಲ್ಲೂ ಕ್ಯಾಬಿನ್ನಿನ ನೆಲ ಒದ್ದೆ. ಆದರೂ ನಾಲಗೆಯ ಮೇಲೆ ಮಾತ್ರ ಅವನಿಗೆ ಅನುಮಾನ ಬರಲಿಲ್ಲ.

ಒಂದು ದಿನ ಬೆಳಗ್ಗೆ ದೋಣಿಗೆ ತಿಂಡಿ ತಂದ ಹೆಂಡತಿ, "ಅದೇನು ರುಚಿಯೋ, ನಾನೂ ನೋಡ್ತೀನಿ" ಎಂದು ತಮಾಷೆಗೆ ಬೆರಳದ್ದಿ ಬಾಯಿಗಿಟ್ಟಳು. ಮುಖ ಕಿವುಚಿ ಉಗಿದಳು.

"ಉಪ್ಪು ಕಣ್ರೀ. ಬರೀ ಉಪ್ಪು."

"ತಲೆ ಕೆಟ್ಟಿದೆಯಾ ನಿಂಗೆ?" ಎಂದು ರೇಗಿ ಅವನು ಮತ್ತೆ ನೆಕ್ಕಿದ. ಸಪ್ಪೆ.

ಅವಳು ತಿಂಡಿಯ ಡಬ್ಬಿ ಕೆಳಗಿಟ್ಟಳು. "ಮೂರು ತಿಂಗಳಿಂದ ಅಡುಗೆಗೆ ಉಪ್ಪೇ ಇಲ್ಲ ಅಂತ ನನ್ನ ಮೇಲೆ ಹಾರಾಡ್ತಿದ್ರಲ್ಲ, ನಾನು ಹಾಕ್ತಾನೇ ಇದ್ದೆ."

ಮೇಸ್ತ್ರಿಗೆ ತಟ್ಟನೆ ನೆನಪಾಯಿತು. ನಿನ್ನೆ ಸಂಜೆ ಪಕ್ಕದ ನೀಲಿ ದೋಣಿಯಲ್ಲಿ ಬೆರಳು ನೆಕ್ಕಿ, "ಮಳೆನೀರು ಅಷ್ಟೇ, ಧೈರ್ಯವಾಗಿ ಹೊರಡಿ" ಎಂದಿದ್ದ. ಅದರಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳಿದ್ದರು.

ಎದ್ದು ಬಿದ್ದು ಮೇಲೆ ಬಂದು ನೋಡಿದ. ನೀಲಿ ದೋಣಿ ಕಟ್ಟಿದ್ದ ಗೂಟದಲ್ಲಿ ಹಗ್ಗವಿರಲಿಲ್ಲ.