ಚೌಕಾಸಿಗೆ ಸಿಗದ ಅಯ್ಯನವರು

ಹಳೆಯ ಬಾಗಿಲು ಮಾರುವವನು ಮೊದಲು ಕಲಿಯಬೇಕಾದದ್ದು ಸುಮ್ಮನಿರುವುದನ್ನು. ಗಿರಾಕಿ ತೇಗದ ಚೌಕಟ್ಟನ್ನು ಬೆರಳಿನಿಂದ ತಟ್ಟುತ್ತಾನೆ, ಗೆದ್ದಲು ಹುಡುಕುತ್ತಾನೆ, ಆಮೇಲೆ ನಮ್ಮ ಮುಖ ನೋಡುತ್ತಾನೆ. ಆ ಗಳಿಗೆಯಲ್ಲಿ ಮೊದಲು ಮಾತಾಡಿದವನು ತಾನಾಗಿಯೇ ಬೆಲೆ ಇಳಿಸಿಕೊಳ್ಳುತ್ತಾನೆ. ಶ್ರೀರಂಗಪಟ್ಟಣದಲ್ಲಿ ಕೆಡವಿದ ಮನೆಗಳ ಬಾಗಿಲು ಕಿಟಕಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಶುರು ಮಾಡಿದವನು ನಾನು. ಈಗ ಸ್ವಂತ ಮಳಿಗೆಯಿದೆ, ಸ್ವಂತ ಗೂಡ್ಸ್ ಗಾಡಿಯಿದೆ. ಇಷ್ಟೆಲ್ಲ ದಕ್ಕಿಸಿಕೊಟ್ಟ ಆ ವಿದ್ಯೆ ನನಗೆ ಕೈಕೊಟ್ಟಿದ್ದು ನಮ್ಮ ಚರ್ಚಿಗೆ ಬಂದ ಹೊಸ ಅಯ್ಯನವರ ಮುಂದೆ.

ಅಯ್ಯನವರು ಅಂದರೆ ನಮ್ಮಲ್ಲಿ ಸಭಾಪಾಲಕರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ಕಡೆಯ ಸಭೆಗಳಿಗೆ ಸೇರಿ ಒಬ್ಬರೇ ಅಯ್ಯನವರು. ನಾಲ್ಕರಲ್ಲಿ ಗೋಪುರ, ಗಂಟೆ, ಬೆಂಚು ಎಲ್ಲ ಇರುವುದು ನಮ್ಮಲ್ಲಿ. ಅಯ್ಯನವರ ಮನೆಯೂ ನಮ್ಮ ಕಾಂಪೌಂಡಿನೊಳಗೇ ಇದೆ. ಹಾಗಾಗಿ ಮುಖ್ಯವಾದ ಆರಾಧನೆಯೆಲ್ಲ ನಮಗೆ, ಉಳಿದ ಹೊತ್ತು ಉಳಿದವರಿಗೆ. ಇದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ, ನಡೆದುಕೊಂಡು ಬಂದದ್ದು. ಅಯ್ಯನವರು ಇಲ್ಲದ ಭಾನುವಾರ ಹಿರಿಯರೊಬ್ಬರು ಆರಾಧನೆ ನಡೆಸಬಹುದು. ಆದರೆ ರೊಟ್ಟಿ, ದ್ರಾಕ್ಷಾರಸದ ಪ್ರಭು ಭೋಜನವನ್ನು ಅಯ್ಯನವರೇ ಕೊಡಬೇಕು. ಕ್ರಿಸ್ಮಸ್ ಬೆಳಗಿನ ಪ್ರಭು ಭೋಜನ ನಮ್ಮದು. ನಮ್ಮವ್ವ ನನ್ನನ್ನು ಹೆತ್ತ ವರ್ಷವೂ ಅದನ್ನು ತಪ್ಪಿಸಿದವಳಲ್ಲ.

ಹಳೆಯ ಅಯ್ಯನವರು ನಿವೃತ್ತರಾಗಿ ಹೋದ ಮೇಲೆ ಹೊಸಬರ ಸ್ವಾಗತದ ಜವಾಬ್ದಾರಿ ಸಮಿತಿ ನನ್ನ ತಲೆಗೆ ಕಟ್ಟಿತು. ನಾನು ಏನೂ ಕಡಿಮೆ ಮಾಡಲಿಲ್ಲ. ಹಾರ, ಶಾಲು, ಬಾಳೆಲೆಯಲ್ಲಿ ಮುದ್ದೆ, ನಾಟಿಕೋಳಿ ಸಾರು. ಮೇಲುಕೋಟೆ ಕಡೆಯ ಹಳೇ ಮನೆಯೊಂದರಿಂದ ಬಂದ ತೇಗದ ಬಾಗಿಲನ್ನು, ಒಳ್ಳೆಯ ಗಿರಾಕಿ ಕಾಯುತ್ತಿದ್ದರೂ ಕೊಡದೆ, ಅಯ್ಯನವರ ಮನೆಗೆ ಕೂರಿಸಿದೆ. ಸ್ಕೂಟರಿನಲ್ಲಿ ಬಂದಿಳಿದವರು ಸಣ್ಣ ವಯಸ್ಸಿನವರು, ಮೆಲುಮಾತಿನವರು. ಹಾರ ಹಾಕಿಸಿಕೊಂಡು ಒಮ್ಮೆ ಸುತ್ತ ನೋಡಿ, "ನಾಗಮಂಗಲದವರು ಯಾರೂ ಬಂದಿಲ್ವಾ?" ಎಂದು ಕೇಳಿದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರನ್ನು ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. "ದೂರ ಅಲ್ವಾ ಅಯ್ಯನೋರೆ" ಎಂದೆ. ಅವರು ಏನೂ ಅನ್ನದೆ ಊಟಕ್ಕೆ ಕೂತರು. ಅವತ್ತೇ ನನಗೆ ಅನುಮಾನ ಬರಬೇಕಿತ್ತು.

ಮೊದಲ ಕೆಲವು ತಿಂಗಳು ನಾನು ಹಾಕಿಸಿದ ಬಾಗಿಲು ಬೀಗ ಹಾಕಿಕೊಂಡೇ ಇರುತ್ತಿತ್ತು. ಕೇಳಿದರೆ ಅಯ್ಯನವರು ಕೆ.ಆರ್. ಪೇಟೆಯಲ್ಲಿದ್ದಾರೆ, ಇಲ್ಲವೇ ಪಾಂಡವಪುರದ ಆಸ್ಪತ್ರೆಯಲ್ಲಿ ಯಾರನ್ನೋ ನೋಡಲು ಹೋಗಿದ್ದಾರೆ. ಹೋಗಲಿ ಬಿಡಿ, ದುಡಿಯುವ ವಯಸ್ಸು ಅಂದುಕೊಂಡೆ. ನವೆಂಬರಿನ ಒಂದು ಭಾನುವಾರ ಪೀಠದಿಂದಲೇ ಹೇಳಿಬಿಟ್ಟರು: ಇನ್ನು ಮುಂದೆ ಕ್ರಿಸ್ಮಸ್ ಬೆಳಗಿನ ಪ್ರಭು ಭೋಜನ ವರ್ಷಕ್ಕೊಂದು ಊರಿನಲ್ಲಿ ಸರದಿಯ ಪ್ರಕಾರ ನಡೆಯುತ್ತದೆ. ಈ ವರ್ಷ ನಾಗಮಂಗಲ, ಬರುವ ವರ್ಷ ಕೆ.ಆರ್. ಪೇಟೆ, ಆಮೇಲೆ ಪಾಂಡವಪುರ. ನಮ್ಮ ಸರದಿ ಕೊನೆಗೆ.

ಅವ್ವ ಮೊದಲ ಬೆಂಚಿನಲ್ಲಿ ಕೂತಿದ್ದಳು. ತಿರುಗಿ ನನ್ನ ಕಡೆ ನೋಡಿದಳು. ಇನ್ನೂ ಮೂರು ವರ್ಷ ಕಾಯುವ ವಯಸ್ಸೇ ಅವಳದು? ಅವಳ ಎದೆಯ ಕೆಮ್ಮು ಡಾಕ್ಟರಿಗೂ ಗೊತ್ತು, ಅವಳಿಗೂ ಗೊತ್ತು.

ಮಾರನೆಯ ದಿನ ಬೆಳಗ್ಗೆಯೇ ಅಯ್ಯನವರ ಮನೆಗೆ ಹೋದೆ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಯಾವುದಾದರೂ ಸಭೆಯ ಸಮಿತಿಯಲ್ಲಿದ್ದರೆ ಒಂದು ಮಾತು ಹೇಳುತ್ತೇನೆ. ಇಂಥ ಕೆಲಸಕ್ಕೆ ಒಬ್ಬರೇ ಹೋಗಬೇಡಿ. ಜೊತೆಗೊಬ್ಬರು ಇದ್ದರೆ ನಡುವೆ ಎದ್ದು ಹೊರಗೆ ಬಂದು ಯೋಚನೆ ಮಾಡಿ ಮತ್ತೆ ಒಳಗೆ ಹೋಗಬಹುದು. ನಾನು ಒಬ್ಬನೇ ಹೋಗಿದ್ದೆ.

"ಅಯ್ಯನೋರೆ, ನಾಗಮಂಗಲದಲ್ಲಿರೋದು ಬೆರಳೆಣಿಕೆಯ ಮನೆ. ಅವ್ರಿಗೆ ಸಾಯಂಕಾಲ ಇಟ್ಕೊಳ್ಳಿ, ಯಾರೂ ಬೇಜಾರು ಮಾಡ್ಕೊಳಲ್ಲ."

ಅವರು ಕಾಫಿ ಲೋಟ ನನ್ನ ಕಡೆ ಸರಿಸಿ ಸುಮ್ಮನೆ ಕೂತರು.

"ಬೇಕಾದ್ರೆ ನನ್ನ ಗಾಡೀಲೆ ಅವ್ರನ್ನೆಲ್ಲ ಇಲ್ಲಿಗೆ ಕರ್ಕೊಂಬತ್ತೀನಿ. ಊಟ ನಮ್ದು."

"ಅವರು ಇಷ್ಟು ವರ್ಷ ಇಲ್ಲಿಗೆ ಬಂದಿದ್ದಾರಲ್ಲ" ಎಂದರು.

ಬಂದಿದ್ದಾರೆಯೇ? ಹಿಂದಿನ ಸಾಲಿನಲ್ಲಿ, ಬಸ್ಸಿನ ಧೂಳಿನಲ್ಲಿ ಬಂದು ಕೂತು ಹೋಗುತ್ತಿದ್ದವರು ಅವರೇ ಇರಬೇಕು. ನಾನು ಎಂದೂ ವಿಚಾರಿಸಿರಲಿಲ್ಲ. ಅವರು ಮತ್ತೆ ಸುಮ್ಮನಾದರು. ನನ್ನ ಮಳಿಗೆಯಲ್ಲಿ ನಾನು ಮಾಡುವುದನ್ನೇ ಈ ಮನುಷ್ಯ ನನಗೆ ಮಾಡುತ್ತಿದ್ದರು, ಅದೂ ಗೊತ್ತಿಲ್ಲದೆ.

"ನಮ್ಮವ್ವಂಗೆ ವಯಸ್ಸಾಯ್ತು ಅಯ್ಯನೋರೆ. ನಮ್ಮ ಸರದಿ ಬರೋತನಕ…"

"ಅಮ್ಮನಿಗೆ ಹಿಂದಿನ ದಿನ ಸಾಯಂಕಾಲ ಮನೆಗೇ ಬಂದು ಕೊಡ್ತೀನಿ."

"ಬ್ಯಾಡಿ. ಬೆಳಗ್ಗೆ ಐದು ಗಂಟೆಗೆ ಇಲ್ಲಿ ಮುಗಿಸ್ಬುಟ್ಟು ಆಮೇಲೆ ನಾಗಮಂಗಲಕ್ಕೆ ಹೊರಡಿ. ಒಂಬತ್ತೂವರೆ ಆರಾಧನೆಗೆ ಸಲೀಸಾಗಿ ಸೇರ್ಕೊಬೌದು."

"ಆಗಲಿ" ಎಂದರು.

ಎದುರಿನವನು ತಟ್ಟನೆ ಒಪ್ಪಿದರೆ ಸರಕನ್ನು ಇನ್ನೊಮ್ಮೆ ತಿರುಗಿಸಿ ನೋಡಬೇಕು. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆಲ್ಲ ನಾನು ಹೇಳುವ ಮಾತಿದು. ಅವತ್ತು ನಾನೇ ನೋಡಲಿಲ್ಲ. ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ನನ್ನನ್ನು ತಡೆದವನು ಪಾಲಹಳ್ಳಿಯ ನನ್ನ ಗೆಳೆಯ. ಹಸು ಕಟ್ಟಿಕೊಂಡಿರುವ ಮನೆ ಅವನದು, ಸಮಿತಿಯಲ್ಲಿ ನನ್ನ ಜೊತೆಗಾರ.

"ಯಾರ್ಲಾ ಐದು ಗಂಟೆಗೆ ಅಂತ ಒಪ್ಕೊಂಡು ಬಂದೋನು?"

"ನಾನೇ ಕಣ್ಲಾ. ಅಷ್ಟಾದ್ರೂ ಗಿಟ್ಟಿಸ್ಕೊಂಡು ಬಂದಿವ್ನಿ."

"ಗಿಟ್ಟಿಸ್ದೆ ಬುಡು. ಆ ವತ್ನಲ್ಲಿ ಆಲು ಕರೆಯೋರ್ಯಾರು, ನಿನ್ ಬಾಗ್ಲುಗಳಾ?"

"ಒಂದು ದಿನ ಅರ್ಧ ಗಂಟೆ ತಡ ಆದ್ರೆ ಏನ್ಲಾ ಆಯ್ತದೆ?"

"ಹಸುಗಳ್ಗೂ ಕ್ರಿಸ್ಮಸ್ಸಾ? ಕೆಚ್ಚಲು ಬಿಗ್ಕೊಂಡು ಕೂಗ್ತಾ ನಿಂತಿರ್ತವೆ. ಡೈರಿಯೋನು ಕ್ಯಾನು ಮುಚ್ಚಿ ಲಾರಿಗೆ ಏರಿಸ್ಬುಟ್ರೆ ಆ ಆಲ ನಿನ್ ಅಂಗ್ಡಿಗೆ ತಂದು ಸುರೀಲಾ? ಹಾಡೋ ಹೆಣ್ಣೈಕ್ಳೂ ನಮ್ಮೂರೋರೆ, ಕೀಬೋರ್ಡು ನುಡ್ಸೋನೂ ನಮ್ಮೂರೋನೇ. ಯಾರನ್ನ ಕೂರಿಸ್ಕೊಂಡು ಹಬ್ಬ ಮಾಡ್ತೀಯ?"

ನಮ್ಮ ಆರಾಧನೆ ಒಂಬತ್ತೂವರೆಗೆ ಏಕೆ ಶುರುವಾಗುತ್ತದೆ ಎಂದು ನಾನು ಎಂದೂ ಕೇಳಿಕೊಂಡಿರಲಿಲ್ಲ. ಹಾಲು ಹಾಕಿ, ಸ್ನಾನ ಮಾಡಿ, ಪಾಲಹಳ್ಳಿಯಿಂದ ಬಂದು ಸೇರುವ ಹೊತ್ತು ಅದು. ಊರಿನೊಳಗೆ ಬಾಗಿಲು ಮಾರಿಕೊಂಡಿರುವವನಿಗೆ ಹಸುವಿನ ಗಡಿಯಾರ ನೆನಪಿಗೆ ಬರಲಿಲ್ಲ. ಹಟ ಹಿಡಿದು ಗಿಟ್ಟಿಸಿದ್ದು ಒಂದು ಖಾಲಿ ಚರ್ಚು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಚರ್ಚಂತೂ ತೆಗೆದಿರುತ್ತದೆ, ನಾವಿಬ್ಬರು, ಇನ್ನು ಪಟ್ಟಣದ ಎರಡು ಮೂರು ಮನೆಯವರು ಇರುತ್ತೇವೆ, ಸಾಕಲ್ಲವೇ ಎಂದೆ.

"ಖಾಲಿ ಬೆಂಚಿನ ಜೊತೆ ಹಬ್ಬ ಮಾಡ್ಲಾ?" ಎಂದಳು. ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಲ್ಲಲಿಲ್ಲ.

"ಅಂಗಾರೆ ಅಯ್ಯನೋರು ಹಿಂದಿನ ದಿನ ಮನೆಗೇ ತಂದ್ಕೊಡ್ತಾರಂತೆ."

"ಅದು ಎದ್ದು ಓಡಾಡಕ್ಕಾಗದೋರ್ಗೆ ಕಣೋ. ನಾಗಮಂಗಲದಲ್ಲಿ ಎಷ್ಟು ಗಂಟೆಗೆ?"

"ಒಂಬತ್ತೂವರೆಗೆ."

"ಅಂಗಾರೆ ಅಲ್ಲಿಗೇ ಓಗೋಣ."

"ಅಷ್ಟು ದೂರ, ಗೂಡ್ಸ್ ಗಾಡೀಲಾ ಅವ್ವ?"

"ಊರೂರ್ಗೆ ಬಾಗ್ಲ ಸಾಗಿಸ್ತೀಯ, ನನ್ನ ಸಾಗ್ಸಕ್ಕಾಗಕಿಲ್ವಾ?"

ಮತ್ತೆ ಅಯ್ಯನವರ ಬಳಿ ಹೋಗಿ, ಐದು ಗಂಟೆಯದು ಬೇಡ ಎಂದೆ. "ಆಗಲಿ" ಎಂದರು. ಆಡಿದ ಮಾತಿಗೆಲ್ಲ ಆಗಲಿ ಅನ್ನುವ ಮನುಷ್ಯನ ಜೊತೆ ಹೇಗೆ ಜಗಳವಾಡುವುದು? ಒಂದು ಸಲ ಇಲ್ಲ ಅಂದಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಕ್ರಿಸ್ಮಸ್ ಬೆಳಗ್ಗೆ ಮಂಜು ಇತ್ತು. ಅವ್ವನಿಗೆ ಎರಡು ಶಾಲು ಸುತ್ತಿ, ಕಾಲ ಬಳಿ ಬಿಸಿನೀರಿನ ಫ್ಲಾಸ್ಕ್ ಇಟ್ಟು, ಮುಂದಿನ ಸೀಟಿನಲ್ಲಿ ಕೂರಿಸಿದೆ. ಪಾಂಡವಪುರ ದಾಟುವವರೆಗೂ ಮುಂದೆ ಕಬ್ಬಿನ ಟ್ರಾಕ್ಟರುಗಳು, ಹಿಂದೆ ನನ್ನ ಗೊಣಗಾಟ. ನಮ್ಮ ಚರ್ಚಿಗೆ ಹೊರಡಬೇಕಾದ ಹೊತ್ತಿಗೆ ನಾವು ಹೀಗೆ ರಸ್ತೆಯಲ್ಲಿದ್ದೇವಲ್ಲ, ಇದೇನು ಹಬ್ಬವೇ ಎಂದೆ. ಅವ್ವ ಕೆಮ್ಮಿದಳು, ಕಿಟಕಿಯಾಚೆ ನೋಡಿದಳು, ಕಜ್ಜಾಯದ ಡಬ್ಬಿಯನ್ನು ಮಡಿಲಲ್ಲಿ ಭದ್ರವಾಗಿ ಹಿಡಿದುಕೊಂಡಳು.

ನಾಗಮಂಗಲದ ಸಭೆ ಸೇರುವುದು ಬಾಡಿಗೆಗೆ ಹಿಡಿದ ಅಂಗಡಿ ಮಳಿಗೆಯಲ್ಲಿ. ಬಾಗಿಲಿಲ್ಲ, ಶಟರು. ಯಾರಾದರೂ ತಡವಾಗಿ ಬಂದರೆ ಅದನ್ನು ಎತ್ತಬೇಕು, ಕಿವಿ ಕಿತ್ತುಹೋಗುವ ಸದ್ದು. ನಾನಾಗಿದ್ದರೆ ಮೊದಲು ಅದನ್ನು ಬಿಚ್ಚಿಸುತ್ತಿದ್ದೆ, ಅಲ್ಲಿನ ಹಿರಿಯರಿಗೂ ಹಾಗೆಂದೇ ಹೇಳಿದೆ. ನೆಲ ತೊಳೆದು ಒಣಗಿರಲಿಲ್ಲ. ಚಾಪೆಗಳ ನಡುವೆ ಇದ್ದ ಕೆಲವೇ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದನ್ನು ಒರೆಸಿ ಅವ್ವನಿಗೆ ಕೊಟ್ಟರು. ಪಕ್ಕದ ಕುರ್ಚಿಯಲ್ಲಿ ಅವಳದೇ ವಯಸ್ಸಿನ ಒಬ್ಬ ಮುದುಕಿ ಕೂತಿದ್ದಳು.

"ಪಟ್ಟಣದಿಂದ ಬಂದ್ರಾ ಅಕ್ಕ? ನಾನು ನಿಮ್ಮ ಚರ್ಚಲ್ಲಿ ನಿಮ್ಮನ್ನ ನೋಡಿವ್ನಿ. ಮುಂದ್ಗಡೆ ಕೂತಿರ್ತಿದ್ರಿ. ಕಾಲು ಊದ್ಕೊಂಡ ಮ್ಯಾಲೆ ನಂಗೆ ಬಸ್ಸತ್ತಕ್ಕಾಗ್ನಿಲ್ಲ. ಐದು ವರ್ಸ ಆಯ್ತು ಹಬ್ಬದ ಬೆಳಗ್ಗೆ ಇದ್ನ ಕಂಡು."

ಅವ್ವ ಕಜ್ಜಾಯದ ಡಬ್ಬಿಯನ್ನು ಆಕೆಯ ಮಡಿಲಿಗಿಟ್ಟಳು.

ಅಯ್ಯನವರು ರೊಟ್ಟಿಯ ತಟ್ಟೆ ಹಿಡಿದು ಬಂದಾಗ ಅವ್ವ ಎದ್ದು ನಿಂತು, ಆ ಮುದುಕಿಯ ತೋಳು ಹಿಡಿದು ಎಬ್ಬಿಸಿದಳು. ಇಬ್ಬರೂ ಒಬ್ಬರ ಮೇಲೊಬ್ಬರು ಒರಗಿಕೊಂಡೇ ತೆಗೆದುಕೊಂಡರು. ನಾನು ಹಿಂದಿನ ಸಾಲಿನಲ್ಲಿ ಚಾಪೆಯ ಮೇಲಿದ್ದೆ, ಮೊಣಕಾಲು ನೋಯುತ್ತಿತ್ತು. ಸರದಿ ಹಾಕುವ ಮೊದಲು ಸಮಿತಿಯನ್ನು ಒಂದು ಮಾತು ಕೇಳಬೇಕಿತ್ತು ಅನ್ನುವ ನನ್ನ ತಕರಾರು ಆಗಲೂ ಇತ್ತು, ಈಗಲೂ ಇದೆ. ಹೊಸ ಅಯ್ಯನವರುಗಳು ಇದನ್ನು ಓದಿದರೆ ಅಷ್ಟನ್ನಾದರೂ ಗಮನಿಸಲಿ.

ಹೊರಡುವಾಗ ಅಯ್ಯನವರು ನಮ್ಮ ಗಾಡಿಯ ತನಕ ಬಂದರು. ಅವ್ವ ಸೀಟು ಹತ್ತಿ ಕೂತು, ಶಾಲು ಸರಿಮಾಡಿಕೊಂಡು, "ಬರೋ ವರ್ಸ ಕೆ.ಆರ್. ಪೇಟೆ ಅಲ್ವಾ ಅಯ್ಯನೋರೆ? ನಾನೂ ಬತ್ತೀನಿ" ಎಂದಳು.

ಅಯ್ಯನವರು ನನ್ನ ಮುಖ ನೋಡಿದರು. ಅವ್ವನೂ ನೋಡಿದಳು. ಇಬ್ಬರೂ ಸುಮ್ಮನಿದ್ದರು. ಶಟರಿನ ಬಳಿ ಆ ಮುದುಕಿ ಊದಿದ ಕಾಲು ಚಾಚಿಕೊಂಡು ಕೂತು ಇತ್ತಲೇ ನೋಡುತ್ತಿದ್ದಳು. ನಾನು ಸ್ಟೀರಿಂಗ್ ಹಿಡಿದು ಎಷ್ಟು ಹೊತ್ತು ತಡೆದುಕೊಳ್ಳಲಿ.

"ಎಷ್ಟು ಗಂಟೆಗೆ ಅಂತ ಈಗ್ಲೇ ಹೇಳ್ಬುಡಿ" ಎಂದೆ, "ಹಾಲು ಹಾಕೋರನ್ನ ಕೇಳ್ಕೊಂಡು ಹೇಳಿ."