ಪೊರೆ ಮುಚ್ಚಿತ್ತೋ, ತೆರೆದಿತ್ತೋ

ಮೊನ್ನೆ ಮಗಳು ಮೀನಿನ ತೊಟ್ಟಿಗೆಂದು ತಂದ ನೀರುಗಿಡದ ಚೀಲ ಬಿಚ್ಚಿದಾಗ ಪಾಚಿಯ ವಾಸನೆ ಮನೆಯನ್ನೆಲ್ಲ ತುಂಬಿತು. ನನಗೆ ಗೋಣಿಬೀಡಿನ ಆಚೆಗಿನ ಎಸ್ಟೇಟ್ ಕೆರೆ ನೆನಪಾಯಿತು… ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತ ನಮ್ಮ ಬಾಟನಿ ಮೇಡಂ ಕೂಡ.

ತೊಂಬತ್ತರ ದಶಕದ ಕೊನೆ. ನಾನು ಮೂಡಿಗೆರೆಯಲ್ಲಿ ಡಿಗ್ರಿ ಓದುತ್ತಿದ್ದೆ. ಮೇಡಂಗೆ ಕಣ್ಣು ಮಂಜಾಗುತ್ತಿತ್ತು. ಅದನ್ನು ಅವರು ನನಗೊಬ್ಬಳಿಗೇ ಹೇಳಿದ್ದರು. ಭಾನುವಾರ ಗಿಡ ಹುಡುಕಲು ಹೊರಟರೆ ಅವರಿಗಾಗಿ ನೋಡುವವಳು ನಾನು. ಆ ಕೆರೆಯೊಳಗೆ ಬಿಚ್ಚಿದ ಕೂದಲಿನಂತೆ ಒಂದು ಸಪೂರ ಗಿಡ ತೇಲುತ್ತಿತ್ತು. ಬಿಸಿಲು ಅದರ ನಡುವೆ ಹಸಿರಾಗಿ ತಳಕ್ಕಿಳಿಯುತ್ತಿತ್ತು… ಎಲೆಯ ಬುಡದಲ್ಲಿ ಕಾಂಡವನ್ನು ಸುತ್ತಿದ ತೆಳು ಪೊರೆ. ಅದು ಕೊಳವೆಯಂತೆ ಮುಚ್ಚಿದ್ದರೆ ಒಂದು ಜಾತಿ, ಉದ್ದಕ್ಕೂ ತೆರೆದಿದ್ದರೆ ಇನ್ನೊಂದು.

"ಎಳೇದು ನೋಡು. ಹಳೇದು ತಾನಾಗೇ ಹರ್ಕೊಂಡಿರ್ತದೆ," ಎಂದು ಲೆನ್ಸ್ ಕೊಟ್ಟರು.

ನೀರು ಹೊಳೆಯಿತು, ಪೊರೆ ಹೊಳೆಯಿತು, ನನಗೇನೂ ತಿಳಿಯಲಿಲ್ಲ. ಮೇಡಂ ಮುಖ ನನ್ನತ್ತ ತಿರುಗಿಸಿ ಕಾಯುತ್ತಿದ್ದರು. ಗೊತ್ತಾಗಲಿಲ್ಲ ಎನ್ನಲು ನಾಚಿಕೆ.

"ಮುಚ್ಚಿದೆ ಮೇಡಂ," ಎಂದುಬಿಟ್ಟೆ.

ಅವರ ಸಂತೋಷ ನೋಡಬೇಕಿತ್ತು! ಗಿಡವನ್ನು ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ನನ್ನ ಕೈಯಲ್ಲೇ ಹೆಸರು ಬರೆಸಿದರು. ಹಾಳೆ ತಜ್ಞರಿಗೆ ಹೋಗುವುದಿತ್ತು. ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಅವರ ಮನೆಗೆ ಹೋಗಿ ನಿಜ ಹೇಳಿದೆ.

ಅವರು ಒಳಗಿಂದ ಆ ಹಾಳೆ ತಂದು ನನ್ನ ಮುಂದಿಟ್ಟರು.

"ಹೆಸ್ರು ಹೊಡ್ದುಹಾಕು," ಎಂದರು. "ಕಾಣ್ಲಿಲ್ಲ ಅಂದಿದ್ರೆ ನಾನೇನು ಬೈತಿದ್ನಾ ಮಾರಾಯ್ತಿ? ಭಾನುವಾರ ಮತ್ತೆ ಹೋಗಿ ನೋಡುವ."

ಹೋದೆವು. ಎಳೆಯ ಪೊರೆಯನ್ನು ಸೂಜಿಯ ಮೊನೆಯಿಂದ ಮೆಲ್ಲಗೆ ಬಿಡಿಸಿದೆ. ಒಂದಂಚು ಇನ್ನೊಂದರ ಮೇಲೆ ಸುಮ್ಮನೆ ಸುತ್ತಿಕೊಂಡಿತ್ತು, ಎಲ್ಲೂ ಕೂಡಿರಲಿಲ್ಲ.

"ತೆರೆದಿದೆ ಮೇಡಂ."

"ಕಾಣ್ತದಾ?"

"ಕಾಣ್ತದೆ."

ಅವರು ಬಗ್ಗಿ ಆ ಗಿಡವನ್ನು ಬೆರಳ ಸಂದಿಯಲ್ಲಿ ಹರಿಯಬಿಟ್ಟು ನಕ್ಕರು. ಆ ನಗು ಈಗಲೂ ನೀರಿನೊಳಗಿಂದ ಕಂಡಂತೆ ಕಾಣುತ್ತದೆ…

ಆಮೇಲೆ ನಾನು ಮದುವೆಯಾಗಿ ದೂರ ಹೋದೆ. ಒಮ್ಮೆ ಹೋಗಿ ಬರಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಮೊನ್ನೆ ತಡೆಯಲಾರದೆ ಹಳೆಯ ಗೆಳತಿಗೆ ಫೋನ್ ಮಾಡಿ ವಿಚಾರಿಸಿದೆ. ಮೇಡಂ ತೀರಿಹೋಗಿ ಎರಡು ವರ್ಷವಾಯಿತಂತೆ. ಕೊನೆಕೊನೆಗೆ ಕಣ್ಣು ಪೂರ್ತಿ ಹೋಗಿತ್ತಂತೆ. ಬಂದವರನ್ನೆಲ್ಲ ಕಿಟಕಿಯ ಪಕ್ಕ ಕೂರಿಸಿಕೊಂಡು, ಅಂಗಳದಲ್ಲಿ ಏನೇನು ಹೂಬಿಟ್ಟಿದೆ ಎಂದು ಕೇಳುತ್ತಿದ್ದರಂತೆ. ಹಾಗೆ ಕೂತು ಹೇಳಿದವರಲ್ಲಿ ನಾನಿರಲಿಲ್ಲ.